ಟಾಮ್ ಅವರ ಹಿತ್ತಲಿನ ಪಹರೆ

ದೆವ್ವ ಭೂತದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಮೈಸೂರಿನ ಹಾಸ್ಟೆಲ್‌ನಲ್ಲಿ ಇದೇ ವಿಷಯಕ್ಕೆ ಗೆಳೆಯರನ್ನು ಗೋಳು ಹೊಯ್ದುಕೊಂಡವನು ನಾನು. ಈಗ ಯಾರಾದರೂ ಅಂಥದ್ದು ಹೇಳಿದರೆ ತೆಪ್ಪಗೆ ಕೇಳುತ್ತೇನೆ. ಕಾರಣ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕೊರೋನಾದ ಮೊದಲ ಲಾಕ್‌ಡೌನ್. ನಾವು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿದ್ದೆವು. ವಯಸ್ಸಾದವರು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಪಕ್ಕದ ಮನೆಯ ಟಾಮ್ ಅವರಿಗೆ ತೊಂಬತ್ತಾರು ವರ್ಷ, ಒಂಟಿ. ವಾರಕ್ಕೆರಡು ಸಲ ಅವರ ಹಾಲು, ಬ್ರೆಡ್ಡು ತಂದು ಹಿತ್ತಲ ಬಾಗಿಲ ಮುಂದೆ ಇಡುವುದು ನನ್ನ ಕೆಲಸ. "ಪಾಪ, ಮಾತಾಡೋಕೆ ಯಾರೂ ಇಲ್ಲ ಅವ್ರಿಗೆ. ದೂರ ನಿಂತ್ಕೊಂಡೇ ಐದು ನಿಮಿಷ ಮಾತಾಡ್ಸಿ ಬನ್ರೀ," ಎನ್ನುತ್ತಿದ್ದಳು ಹೆಂಡತಿ.

ಟಾಮ್ ಹೇಳುತ್ತಿದ್ದುದು ಒಂದೇ ಕತೆ. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷರ ಸಬ್‌ಮರೀನಿನಲ್ಲಿದ್ದರು. ಅದು ನೀರಿನ ಮೇಲೆ ಬಂದಾಗ ನಾಲ್ವರು ಹೊರಗೆ ನಿಂತು ಆಕಾಶ ಕಾಯಬೇಕು, ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಏನೇ ಸದ್ದಾದರೂ ತನ್ನ ದಿಕ್ಕು ಬಿಟ್ಟು ತಿರುಗುವಂತಿಲ್ಲ. ವಿಮಾನ ಕಂಡರೆ ಎಲ್ಲರೂ ಒಳಗೆ ಧುಮುಕಿ, ಮುಚ್ಚಳ ಹಾಕಿ ಮುಳುಗಬೇಕು. ಒಮ್ಮೆ ಸೂರ್ಯನ ಕಡೆಯಿಂದ ಜರ್ಮನ್ ವಿಮಾನ ನುಗ್ಗಿಬಂತು. ತಾನೇ ಕೊನೆಯವನೆಂದುಕೊಂಡು ಟಾಮ್ ಮುಚ್ಚಳ ಹಾಕಿದರು. ಒಳಗೆ ಎಣಿಸಿದರೆ ಗೆಳೆಯ ಮೈಕ್ ಇಲ್ಲ. ಮೇಲಿನಿಂದ ಬಡಿಯುವ ಸದ್ದು. ತೆಗೆದರೆ ಎಲ್ಲರೂ ಮುಳುಗುತ್ತಿದ್ದರು. ತೆಗೆಯಲಿಲ್ಲ.

ಒಂದು ಮಧ್ಯಾಹ್ನ ನಾನು ಹಾಲು ಇಡಲು ಹೋದಾಗ ಟಾಮ್ ಹಿತ್ತಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. ವಿಮಾನಗಳೆಲ್ಲ ನಿಂತುಹೋಗಿದ್ದ ದಿನಗಳು. "ಆಕಾಶ ಇಷ್ಟು ಖಾಲಿ ಇರೋದು ಒಳ್ಳೇದಲ್ಲ. ಟೀ ಮಾಡ್ಕೊಂಡು ಬರ್ತೀನಿ, ಅಲ್ಲೀವರೆಗೂ ಈ ಕಡೆ ನೀನು ನೋಡ್ತಿರು. ತಿರುಗ್ಬೇಡ," ಎಂದರು. "ಗ್ರ್ಯಾಂಡ್," ಎಂದು ಅಲ್ಲಿಯವರ ಹಾಗೆಯೇ ನಗುತ್ತಾ ಒಪ್ಪಿಕೊಂಡೆ. ಅವರು ಒಳಗೆ ಹೋದದ್ದೇ ತಡ, ಮೊಬೈಲ್ ತೆಗೆದೆ.

ಆಗ ಕೇಳಿಸಿತು. ಬೆನ್ನ ಹಿಂದೆ ಭಾರಿ ಎಂಜಿನ್ನಿನ ಮೊರೆತ. ತಿರುಗಿದೆ. ಆಕಾಶದಲ್ಲಿ ಏನೂ ಇರಲಿಲ್ಲ. ಆದರೆ ಹುಲ್ಲಿನ ಮೇಲೆ ರೆಕ್ಕೆಯ ನೆರಳೊಂದು ನನ್ನತ್ತ ಬರುತ್ತಿತ್ತು. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ. ಬಾಗಿಲ ಹತ್ತಿರ ಓಡುವಷ್ಟರಲ್ಲಿ ಟಾಮ್ ಅದನ್ನು ಒಳಗಿನಿಂದ ಎಳೆದು ಚಿಲಕ ಹಾಕಿಬಿಟ್ಟರು. ಎರಡೂ ಕೈಯಲ್ಲಿ ಬಡಿದೆ, ಕನ್ನಡದಲ್ಲೇ ಕೂಗಿಕೊಂಡೆ. ಪಕ್ಕದ ಕಿಟಕಿಯಲ್ಲಿ ಅವರು ಕಂಡರು: ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಅಳುತ್ತಿದ್ದರು. ಸದ್ದು ನನ್ನ ತಲೆಯ ಮೇಲೆ ಹಾದುಹೋಯಿತು.

ಎಲ್ಲ ತಣ್ಣಗಾದ ಮೇಲೆ ಬಾಗಿಲು ತೆರೆಯಿತು. ಟಾಮ್ ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು. "ಬಡಿದಿದ್ದು ನೀನೊಬ್ನೇನಾ?" ಎಂದು ಕೇಳಿದರು.

"ನಾನೊಬ್ನೇ," ಎಂದೆ.

ಆಮೇಲೆ ಒಂದು ವರ್ಷ ಬದುಕಿದ್ದರು. ಆ ಕತೆ ಮತ್ತೆ ಹೇಳಲಿಲ್ಲ. ಅಂದು ನಮ್ಮ ಸಾಲಿನ ಮನೆಗಳಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ವಿಮಾನಗಳ ಜಾಡು ತೋರಿಸುವ ಆ್ಯಪಿನಲ್ಲೂ ಹುಡುಕಿದೆ, ಒಂದೂ ಹಾದಿರಲಿಲ್ಲ. ಆದದ್ದೇನು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಟಾಮ್ ಅವರಿಗೆ ಹೇಳಿದ್ದು ಮಾತ್ರ ಸುಳ್ಳು. ಆ ಸದ್ದು ದೂರವಾಗುವಷ್ಟರಲ್ಲಿ ನಾನು ಕೈಸೋತು ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದೆ. ಬಾಗಿಲನ್ನು ಇನ್ನೂ ಯಾರೋ ಬಡಿಯುತ್ತಲೇ ಇದ್ದರು.