ಬದುವಿಲ್ಲದ ಹೊಲದಲ್ಲೊಂದು ಗೆರೆ

೧೯೯೩ರಲ್ಲಿ ನಾನು ಓದು ನಿಲ್ಲಿಸಿದೆ, ಒಂಬತ್ತನೇ ತರಗತಿಯ ಅರ್ಧದಲ್ಲಿ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಕಾಲ ಪೆಟ್ಟಿಗೆ ಹೊತ್ತೆ. ಆಮೇಲೆ ನಕ್ಷೆ ಮಾಡುವ ಕಂಪನಿಯೊಂದಕ್ಕೆ ಟೀ ತಂದುಕೊಡುವ ಕೆಲಸಕ್ಕೆ ಸೇರಿದೆ. ಟೀ ಕೊಟ್ಟವನು ಲೋಟ ಖಾಲಿಯಾಗುವವರೆಗೆ ಅಲ್ಲೇ ನಿಂತು ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಕೆರೆ, ರಸ್ತೆ, ಹೊಲಗಳ ಅಂಚಿಗೆ ಮೌಸ್ ಹಿಡಿದು ಗೆರೆ ಎಳೆಯುವುದು ಅಲ್ಲಿಯವರ ಕೆಲಸ. ಒಬ್ಬ ರಜೆ ಹಾಕಿದ ದಿನ ಅವನ ಕುರ್ಚಿಯಲ್ಲಿ ನಾನು ಕೂತೆ. ಮತ್ತೆ ಏಳಲಿಲ್ಲ. ವಾರವೆಲ್ಲ ಗೆರೆ ಎಳೆದು, ಭಾನುವಾರ ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷ್ ಕೈಪಿಡಿಗಳನ್ನು ಓದಿದೆ. ಈಗ ಉಪಗ್ರಹ ಚಿತ್ರಗಳನ್ನು ಓದುವ ತಜ್ಞರ ತಂಡವೊಂದಕ್ಕೆ ನಾನೇ ಮುಖ್ಯಸ್ಥ. ಇದನ್ನು ಬರೆಯುವಾಗ ಸಂಕೋಚವೇನೂ ಇಲ್ಲ, ಹೆಮ್ಮೆಯೇ ಇದೆ.

ಊರಿನ ಗೆಳೆಯರಿಗೆ ಮಾತ್ರ ಇದು ತಮಾಷೆ. ಹೊಸಕೋಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬ ಕೇಳಿದ್ದ: “ಏನ್ ಗುರು, ಮೇಲಿಂದ ಎಲ್ಲಾ ಕಾಣಿಸ್ತದಂತೆ? ನಮ್ ಹಸ ಹಗ್ಗ ಕಿತ್ಕೊಂಡೋಗೈತೆ, ಯಾರ ಹೊಲ ಮೇಯ್ತಾ ಐತೆ ನೋಡ್ ಹೇಳು.”

“ಹಸ ಕಾಣಲ್ಲ ಕಣೋ. ಅದು ಮೇಯ್ದ ಹೊಲ ಕಾಣ್ತದೆ. ದಂಡ ಎಷ್ಟು ಕಟ್ಬೇಕು ಅಂತ ಬೇಕಾದ್ರೆ ಹೇಳ್ತೀನಿ.”

ಹೋದ ಮುಂಗಾರಿನಲ್ಲಿ ಹೊಸಕೋಟೆ ತಾಲ್ಲೂಕಿನ ರಾಗಿ ನಕ್ಷೆಯ ಕೆಲಸ ನಮಗೆ ಬಂತು. ಎಲ್ಲೆಲ್ಲಿ ರಾಗಿ ನಿಂತಿದೆ, ಎಲ್ಲಿ ಹಾಳಾಗಿದೆ ಎಂದು ಹೊಲ ಹೊಲಕ್ಕೂ ಗುರುತು ಹಾಕಬೇಕು. ಕೆಲಸ ಕೊಟ್ಟವರದು ಒಂದೇ ಷರತ್ತು. ಅವರ ಪರೀಕ್ಷಕರು ಬಂದು, ತಮಗೆ ತೋಚಿದ ಹೊಲಕ್ಕೆ ಹೋಗಿ, ನಕ್ಷೆಯನ್ನೂ ನೆಲವನ್ನೂ ತಾಳೆ ನೋಡುತ್ತಾರೆ. ಸರಿ ಇದ್ದರೆ ಜಿಲ್ಲೆಯ ನಾಲ್ಕೂ ತಾಲ್ಲೂಕು ನಮ್ಮ ತಂಡಕ್ಕೆ. ತಪ್ಪಿದರೆ ಕೆಲಸ ಬೇರೆಯವರ ಪಾಲು, ನನ್ನ ಹುಡುಗರನ್ನೆಲ್ಲ ನಗರದ ಕಚೇರಿಗಳಿಗೆ ಚೆದುರಿಸಿ ತಂಡವನ್ನೇ ಮುಚ್ಚುವುದು ಎಂದು ನಮ್ಮ ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು.

ಸಮೇತನಹಳ್ಳಿ ಕಡೆಯ ಹೊಲಗಳಲ್ಲಿ ತೊಡಕು ಶುರುವಾಯಿತು. ಬಿತ್ತಿ ತಿಂಗಳಾದಾಗಿನ ಚಿತ್ರದಲ್ಲಿ ಚೆನ್ನಾಗಿ ಹಸಿರಿದ್ದ ಹೊಲಗಳು ಮುಂದಿನ ಚಿತ್ರದಲ್ಲಿ ಬೋಳು ಬೋಳು. ಕಂಪ್ಯೂಟರ್ ಅವಕ್ಕೆಲ್ಲ ಕೆಂಪು ಬಳಿದು ‘ಬೆಳೆ ನಷ್ಟ’ ಎಂದು ಬರೆದಿತ್ತು. ನೋಡಿದ ತಕ್ಷಣ ತಂಡದ ಅರ್ಧ ಜನ ನಕ್ಕೆವು. ನಮ್ಮ ಕಡೆ ಚೆಲ್ಲಿದ ರಾಗಿ ಗೇಣುದ್ದ ಬಂದಾಗ ಪೈರಿನ ಮೇಲೇ ಕುಂಟೆ ಹೊಡೆಯುತ್ತಾರೆ. ಒತ್ತಾದ ಪೈರು ಕಿತ್ತುಹೋಗುತ್ತದೆ, ಉಳಿದದ್ದು ಮಣ್ಣಿಗೆ ಮಲಗುತ್ತದೆ. ಕೆಲವು ದಿನ ಹೊಲ ಹಾಳುಬಿದ್ದಂತೆಯೇ ಕಾಣುತ್ತದೆ, ಆಮೇಲೆ ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಒಡೆದು ಮೊದಲಿಗಿಂತ ದಟ್ಟವಾಗಿ ಏಳುತ್ತದೆ.

“ಎಲ್ಲಾ ಕುಂಟೆ ಹೊಲ. ಕೆಂಪೆಲ್ಲ ತೆಗೀರಿ, ರಾಗಿ ಅಂತ ಬರೀರಿ,” ಎಂದೆ.

ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮೌಸ್ ಮುಟ್ಟಲಿಲ್ಲ. ತ್ಯಾಮಗೊಂಡ್ಲು ಕಡೆಯವಳು, ರಡಾರ್ ಚಿತ್ರಗಳನ್ನು ಓದುವುದು ಅವಳ ಕಸುಬು. ಮೋಡ ಕವಿದರೆ ಮಾಮೂಲಿ ಚಿತ್ರಗಳಲ್ಲಿ ಬರೀ ಹತ್ತಿ ಕಾಣುತ್ತದೆ. ರಡಾರ್ ಮೋಡ ದಾಟಿ ನೆಲ ಮುಟ್ಟಿ ಬರುತ್ತದೆ. ಚಿತ್ರವೇನೋ ಕಪ್ಪು ಕಂಬಳಿಯ ಮೇಲೆ ಉಪ್ಪು ಎರಚಿದ ಹಾಗಿರುತ್ತದೆ, ಆದರೆ ಓದಬಲ್ಲವರಿಗೆ ಅದರಲ್ಲಿ ಪೈರಿನ ಎತ್ತರ ಸಿಗುತ್ತದೆ.

“ಸಾರ್, ಆಮೇಲೆ ಮೋಡ ಇದ್ದಾಗ ತೆಗೆದ ರಡಾರ್ ಚಿತ್ರ ನೋಡ್ದೆ. ಮಿಕ್ಕಿದ್ದೆಲ್ಲ ಒಪ್ತೀನಿ. ಈ ಒಂದು ಹೊಲ ಮಾತ್ರ ಬೇರೆ. ಪೂರ್ವದ ಅರ್ಧ ಮತ್ತೆ ಎದ್ದಿದೆ. ಪಶ್ಚಿಮದ ಅರ್ಧ ಆಗ್ತಾನೆ ಬಿತ್ತಿದ ಹೊಲದ ಥರ ಇದೆ. ಅದು ರಾಗಿ ಅಲ್ಲ.”

“ಏನಮ್ಮಾ, ಮಧ್ಯೆ ಬದು ಎಲ್ಲೈತೆ ತೋರ್ಸು.”

“ಬದು ಇಲ್ಲ ಸಾರ್.”

“ಬದು ಇಲ್ದೆ ಒಂದೇ ಹೊಲದಾಗೆ ಅರ್ಧ ಒಂದು, ಅರ್ಧ ಇನ್ನೊಂದು ಯಾರಮ್ಮಾ ಬಿತ್ತಾರೆ? ರಾಗಿ ನಡುವೆ ಅವರೆ, ಸಾಸಿವೆ ಹಾಕೋ ಅಕ್ಕಡಿ ಸಾಲಾದ್ರೆ ಬೇರೆ ಮಾತು.”

“ಅದು ನಂಗೆ ಗೊತ್ತಿಲ್ಲ ಸಾರ್. ಸಿಗ್ನಲ್ ಹಿಂಗೇ ಹೇಳ್ತಿದೆ.”

ಪಕ್ಕದ ಹುಡುಗ ಮೆಲ್ಲಗೆ ಉಸುರಿದ: “ಸಾರ್ ಜೊತೆ ರಾಗಿ ವಿಷಯಕ್ಕೆ ಹೋಗ್ಬೇಡ ಕಣೇ, ಮುದ್ದೆ ಬಿಟ್ರೆ ಬೇರೇನೂ ತಿನ್ನಲ್ಲ ಅವ್ರು.” ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ನಾವು ಕಣ್ಣಾರೆ ನೋಡಿಬಂದಿದ್ದ ಬೇರೆ ಹೊಲಗಳ ಮೇಲೆ ಅದೇ ಲೆಕ್ಕವನ್ನು ಒಂದೊಂದಾಗಿ ಓಡಿಸಿ ತೋರಿಸಿದಳು. ಎಲ್ಲಾ ಕಡೆ ಸರಿ ಬಂತು. ನನ್ನ ಬಾಯಿ ಇನ್ನೂ ವಾದ ಹುಡುಕುತ್ತಿತ್ತು, ಎದೆ ಮಾತ್ರ ಕುಣಿಯತೊಡಗಿತ್ತು. ಇಷ್ಟು ವರ್ಷ ಗೆರೆ ಎಳೆದಿದ್ದೇನೆ. ನೆಲದ ಮೇಲೆ ಇಲ್ಲದ ಗೆರೆಯೊಂದನ್ನು ಆಕಾಶ ತೋರಿಸಿದ್ದು ಅದೇ ಮೊದಲು.

“ಎಳಿ ಗೆರೆ. ತಪ್ಪಾದ್ರೆ ಬೈಸ್ಕೊಳ್ಳೋನು ನಾನು,” ಎಂದು ನಕ್ಷೆಗೆ ಸಹಿ ಹಾಕಿದೆ.

ಪರೀಕ್ಷಕರು ಬಂದರು. ಬಿಳಿ ಕೂದಲಿನ, ಮಾತು ಕಡಿಮೆಯ ಮನುಷ್ಯ. ನಕ್ಷೆಯ ಮೇಲೆ ಬೆರಳಾಡಿಸುತ್ತ ಬಂದವರು ಆ ಗೆರೆಯ ಹತ್ತಿರ ನಿಂತರು.

“ಇದೇನ್ರೀ, ಹೊಲದ ಮಧ್ಯಕ್ಕೆ ಗೀಟು? ಬದುನೂ ಇಲ್ಲ, ಕಾಲುವೆನೂ ಇಲ್ಲ. ನಡೀರಿ, ಇಲ್ಲಿಂದಾನೇ ಶುರು ಮಾಡೋಣ.”

ಜೀಪಿನಲ್ಲಿ ಹಿಡಿಸುವಷ್ಟು ಜನ ತುಂಬಿಕೊಂಡೆವು, ಉಳಿದವರು ಬೈಕಿನಲ್ಲಿ ಹಿಂದೆ ಬಂದರು. ಸಮೇತನಹಳ್ಳಿ ದಾಟಿ ಮಣ್ಣುದಾರಿಗೆ ಇಳಿದೆವು. ದಾರಿಯಿಂದ ನೋಡಿದರೆ ಹೊಲ ಈ ತುದಿಯಿಂದ ಆ ತುದಿಗೂ ಒಂದೇ ಹಸಿರು. ಪರೀಕ್ಷಕರು ನನ್ನ ಮುಖ ನೋಡಿದರು. ಹುಡುಗಿ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು, ಮೊಬೈಲಿನಲ್ಲಿ ನಕ್ಷೆ ನೋಡುತ್ತ ರಾಗಿಯೊಳಗೆ ನುಗ್ಗಿಯೇಬಿಟ್ಟಳು. ಮೊಣಕಾಲು ದಾಟಿದ ಪೈರು, ಒಂದೊಂದು ಬುಡಕ್ಕೂ ಹಿಡಿ ತುಂಬ ತೆಂಡೆ. ನಡುಹೊಲದಲ್ಲಿ ನಿಂತು ಕೂಗಿದಳು:

“ಸಾರ್! ಬನ್ನಿ ಸಾರ್! ಇಲ್ಲಿಗ್ ಮುಗೀತು ರಾಗಿ!”

ಓಡಿದೆ. ದಾರ ಹಿಡಿದು ಕತ್ತರಿಸಿದ ಹಾಗೆ ರಾಗಿ ಅಲ್ಲಿಗೆ ನಿಂತಿತ್ತು. ಆಚೆಗೆ ಕಾಲಿಗೆ ತೊಡರುವ ಹುರುಳಿ ಬಳ್ಳಿ.

ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದೇ ಎದ್ದು ಬಂದರು. “ಯಾರಣ್ಣಾ ನೀವು? ರಸ್ತೆ ಗಿಸ್ತೆ ಮಾಡಕ್ಕೆ ಬಂದ್ರಾ?”

“ಇಲ್ಲ ಅಕ್ಕಾ, ಬೆಳೆ ನೋಡಕ್ಕೆ. ಒಂದೇ ಹೊಲದಾಗೆ ಎರಡು ಬೆಳೆ ಯಾಕೆ?”

“ಈ ಕಡೇದು ನಮ್ದು, ಆ ಕಡೇದು ನಮ್ ಮೈದುನಂದು. ಭಾಗ ಆಯ್ತು, ಇನ್ನೂ ಬದು ಹಾಕಿಲ್ಲ. ನಾವು ಕುಂಟೆ ಹೊಡುದ್ವಿ, ರಾಗಿ ಎದ್ಬಂತು. ಅವ್ನು ಪೈರು ತೆಳ್ಳಗೈತೆ ಅಂತ ಉತ್ಬಿಟ್ಟು ಹುರುಳಿ ಚೆಲ್ಲವ್ನೆ. ನಿಮ್ಗ್ಯಾರು ಹೇಳಿದ್ದು?”

ನಮ್ಮ ತಂಡದ ಹುಡುಗನೊಬ್ಬ ಆಕಾಶಕ್ಕೆ ಬೆರಳು ತೋರಿಸಿದ. ಆಕೆ ಮೇಲೆ ನೋಡಿ, ಮತ್ತೆ ಅವನನ್ನು ನೋಡಿ, “ಹಂಗಾದ್ರೆ ಬದು ಎಲ್ಲಿಗೆ ಹಾಕ್ಬೇಕು ಅಂತಾನೂ ಕೇಳ್ ಹೇಳಪ್ಪಾ, ದಿನಾ ಅದುಕ್ಕೇ ಜಗಳ,” ಎಂದರು.

ಪರೀಕ್ಷಕರು ಮೊದಲ ಸಲ ನಕ್ಕರು. ರಾಗಿ ಮುಗಿದು ಹುರುಳಿ ಶುರುವಾಗುವ ಕಡೆ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ಫೋಟೋ ತೆಗೆಸಿಕೊಂಡರು. ಸಂಜೆಯವರೆಗೂ ಬೇರೆ ಬೇರೆ ಹೊಲ ಸುತ್ತಿಸಿದರು. ಎರಡು ಕಡೆ ಜೋಳವನ್ನು ರಾಗಿ ಎಂದು ಬರೆದಿದ್ದೆವು, ಅದನ್ನು ಬಿಡದೆ ಗುರುತು ಹಾಕಿಕೊಂಡರು; ಮಿಕ್ಕಿದ್ದೆಲ್ಲ ತಾಳೆಯಾಯಿತು. ಜೀಪು ಹತ್ತುವ ಮೊದಲು ನನ್ನ ಕೈ ಕುಲುಕಿ, “ದೇವನಹಳ್ಳೀಲಿ ದ್ರಾಕ್ಷಿ ಚಪ್ಪರ ಜಾಸ್ತಿ, ಅಲ್ಲಿ ಹುಷಾರು,” ಎಂದರು. ದೇವನಹಳ್ಳಿ ಉಳಿದ ತಾಲ್ಲೂಕುಗಳಲ್ಲೊಂದು; ಕೆಲಸ ನಮಗೇ ಎಂದು ಗೊತ್ತಾದದ್ದು ಆ ಒಂದು ಮಾತಿನಿಂದ. ಹುಡುಗರು ಮಣ್ಣುದಾರಿಯಲ್ಲೇ ಕೇಕೆ ಹಾಕಿದರು. ನಾನು ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ನನ್ನ ಬಳಿ ಇರುವುದು ಇಷ್ಟು: ನಾಲ್ಕು ತಾಲ್ಲೂಕು, ಆರು ಜನ ತಜ್ಞರು, ಏಳು ಕಂಪ್ಯೂಟರು, ಒಂದು ಜೀಪು.