ಇನ್ನೂರ ಐವತ್ತಾರು ನಿಮಿಷ

ಕುಷ್ಟಗಿಯ ಶೈಲಶ್ರೀ ಎಂಜಿನಿಯರ್ ಅಲ್ಲ, ಡಿಪ್ಲೊಮಾ ಓದಿದವಳು. ಬನಶಂಕರಿ ಎರಡನೇ ಹಂತದಲ್ಲಿ, ಒಂದು ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿದ್ದ ಜಯಸಿಂಹ ಅವರ ಕಂಪನಿಗೆ ಬೆಸುಗೆ ಹಾಕುವ ಕೆಲಸಕ್ಕೆಂದು ಸೇರಿದ್ದಳು. ಪ್ರೋಗ್ರಾಂ ಬರೆಯುವುದನ್ನು ಅಲ್ಲಿ ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ ಒಂದು ನೆಟ್‌ವರ್ಕಿಂಗ್ ಲೈಬ್ರರಿಯ, ಅಂದರೆ ಕಂಪ್ಯೂಟರುಗಳ ನಡುವೆ ಮಾಹಿತಿ ಸಾಗಿಸುವ ಸಿದ್ಧ ಪ್ರೋಗ್ರಾಮುಗಳ, ಕೋಡನ್ನು ಮುದ್ರಿಸಿಕೊಂಡು, ಬಿಟಿಎಂ ಲೇಔಟಿನ ಬಾಡಿಗೆ ರೂಮಿನಿಂದ ಬರುವ ಬಸ್ಸಿನಲ್ಲಿ ಓದಿ ಓದಿ ಕಲಿತಳು.

2004ರಲ್ಲಿ ಜಯಸಿಂಹ ಅಪಾರ್ಟ್‌ಮೆಂಟುಗಳ ನೀರಿನ ಮೋಟಾರನ್ನು ಆಫೀಸಿನ ಕಂಪ್ಯೂಟರಿನಿಂದಲೇ ಟೆಲಿಫೋನ್ ತಂತಿಯ ಮೂಲಕ ನಡೆಸುವ ಪೆಟ್ಟಿಗೆ ಮಾಡಲು ಹೊರಟರು. ಪೆಟ್ಟಿಗೆಯೊಳಗೆ ಒಂದು ಪುಟ್ಟ ಚಿಪ್, ಅದರಲ್ಲಿ ಅಷ್ಟೇ ಪುಟ್ಟ ಆಪರೇಟಿಂಗ್ ಸಿಸ್ಟಂ. ದೊಡ್ಡ ಕಂಪ್ಯೂಟರುಗಳಿಗೆಂದು ಬರೆದಿದ್ದ ಆ ಲೈಬ್ರರಿಯನ್ನು ಈ ಪುಟ್ಟದಕ್ಕೆ ಒಗ್ಗಿಸುವ ಕೆಲಸವನ್ನು ಶೈಲಶ್ರೀ ಕೇಳಿ ಪಡೆದಳು. ನಾಲ್ಕು ತಿಂಗಳು ಹಿಡಿಯಿತು. ಎರಡು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು ಒಂದರಿಂದ ಇನ್ನೊಂದಕ್ಕೆ ಅಂಕಿ ಕಳಿಸಿದರೆ ತಪ್ಪಿಲ್ಲದೆ ತಲುಪುತ್ತಿತ್ತು. ಖುಷಿಗೆ ತನ್ನ ಕೋಡನ್ನು ಆ ಲೈಬ್ರರಿ ಬಳಸುವವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೂ ಕಳಿಸಿಬಿಟ್ಟಳು.

ಮೊದಲ ಪೆಟ್ಟಿಗೆ ಕೂತದ್ದು ಜೆಪಿ ನಗರದಲ್ಲಿ, ಜರಗನಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಜಯಸಿಂಹ ಆಫೀಸಿನಿಂದ ಒಂದು ನಿಮಿಷ ಮೋಟಾರ್ ಓಡಿಸುವ ಆದೇಶ ಕಳಿಸಿ, ಕಾಫಿಗೆ ಎದ್ದರು. ಮಧ್ಯಾಹ್ನ ಒಂದೂವರೆಗೆ ಅಪಾರ್ಟ್‌ಮೆಂಟಿನಿಂದ ಫೋನ್ ಬಂತು.

ಇಬ್ಬರೂ ಹೋಗಿ ನೋಡಿದರೆ ಮೇಲಿನ ಟ್ಯಾಂಕು ತುಂಬಿ ಚೆಲ್ಲಿದ ನೀರೆಲ್ಲ ಇಳಿಜಾರು ಹಿಡಿದು ಬೇಸ್‌ಮೆಂಟಿಗೆ ನುಗ್ಗಿತ್ತು. ಅಲ್ಲಿನ ಒಂದೇ ಕೋಣೆಯಲ್ಲಿ ವಾಚ್‌ಮನ್ ಹನಮಂತನ ಸಂಸಾರ. ಅವನು ಊರಿಗೆ ಹೋಗಿದ್ದ. ಹೆಂಡತಿ ಪಾರವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಹಾಸಿಗೆ ಹಿಂಡುತ್ತಿದ್ದಳು. ಎರಡು ಚೀಲ ಜೋಳದ ಹಿಟ್ಟು ಅಂಬಲಿಯಾಗಿ ತೇಲುತ್ತಿತ್ತು.

"ಸ್ವಿಚ್ ಆಫ್ ಮಾಡೋದಲ್ವೇನಮ್ಮ?" ಅಂದರು ಜಯಸಿಂಹ.

"ಏನಾದ್ರೂ ಆಗ್ಲಿ, ಪೆಟ್ಟಿಗಿ ಮುಟ್ಟಬ್ಯಾಡ ಅಂತ ನೀವ ಹೇಳಿದ್ರಲ್ರೀ ಸಾಹೇಬ್ರ!"

"ಮೋಟಾರ್ ಎಷ್ಟಕ್ಕ ನಿಂತ್ತು ಅಕ್ಕಾ?" ಶೈಲಶ್ರೀ ಕೇಳಿದಳು.

"ಒಂದೂಕಾಲಕ್ಕ ನೋಡವ್ವ. ತಾನ ನಿಂತ್ತು."

ಒಂಬತ್ತರಿಂದ ಒಂದೂಕಾಲು. ಶೈಲಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರ ಐವತ್ತೈದು ನಿಮಿಷ, ಒಂದು ಹೆಚ್ಚು ಕಡಿಮೆ. ಇನ್ನೂರ ಐವತ್ತಾರು! ಒದ್ದೆ ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಳು.

ಅಂಕಿ ಎರಡು ತುಂಡಾಗಿ ಬರುತ್ತದೆ, ಒಂದು ತುಂಡಿನ ಬೆಲೆ ಇನ್ನೊಂದರ ಇನ್ನೂರ ಐವತ್ತಾರು ಪಟ್ಟು. ಯಾವ ತುಂಡು ದೊಡ್ಡದು ಎಂಬುದನ್ನು ಒಂದೊಂದು ಯಂತ್ರ ಒಂದೊಂದು ರೀತಿ ಓದುತ್ತದೆ. ಅದನ್ನು ಸರಿಪಡಿಸುವ ಪುಟ್ಟ ಫಂಕ್ಷನ್ನನ್ನು 'ಆಮೇಲೆ ಬರೆದರಾಯಿತು' ಎಂದು ಖಾಲಿ ಬಿಟ್ಟಿದ್ದಳು. ತುಂಡುಗಳು ಅದಲುಬದಲಾದರೆ ಒಂದು ಇನ್ನೂರ ಐವತ್ತಾರಾಗುತ್ತದೆ. ಮೇಜಿನ ಮೇಲಿನ ಎರಡೂ ಪೆಟ್ಟಿಗೆಗಳು ಒಂದೇ ತಪ್ಪು ಮಾಡುತ್ತಿದ್ದುದರಿಂದ ಎಲ್ಲ ಸರಿಯಾಗಿ ಕಂಡಿತ್ತು. ಆಫೀಸಿನ ಕಂಪ್ಯೂಟರ್ ಮಾತ್ರ ಸರಿಯಾದ ಕ್ರಮದಲ್ಲೇ ಕಳಿಸಿತ್ತು.

ವಿಷಯ ಕೇಳಿ ಜಯಸಿಂಹ ತಗ್ಗಿದ ದನಿಯಲ್ಲಿ, "ಶೈಲಾ, ನೀನು ಸುಮ್ನಿರು. ವಾಲ್ವ್ ಕೆಟ್ಟೋಯ್ತು ಅಂತ ನಾನು ಹೇಳ್ತೀನಿ," ಅಂದರು.

ಅವಳಿಗೆ ಸುಮ್ಮನಿರಲು ಆಗಲಿಲ್ಲ. "ಅಕ್ಕಾ, ಇದು ನನ್ನ ತಪ್ಪರಿ. ಪೆಟ್ಟಿಗ್ಯಾಗಿನ ಪ್ರೋಗ್ರಾಂ ನಾ ಬರದಿದ್ದು, ಅದರಾಗ ತಪ್ಪಿತ್ತು."

ಪಾರವ್ವ ಹಿಂಡುತ್ತಿದ್ದುದನ್ನು ನಿಲ್ಲಿಸಿದಳು. "ನೀ ಬರದಿದ್ದಾ? ನೀ ಇಲ್ಲಿ ಬಂದ ಇಲ್ಲಲ್ಲ! ಎಲ್ಲೋ ಕುಂತು ಬರದ್ರ ನನ್ನ ಮನ್ಯಾಗ ನೀರು ಬರ್ತದೇನು?"

ಆಗಲೇ ಶೈಲಶ್ರೀಗೆ ಇನ್ನೊಂದು ನೆನಪಾಯಿತು. ಮೇಲಿಂಗ್ ಲಿಸ್ಟಿಗೆ ಕಳಿಸಿದ ಕೋಡು! ಆಟೋ ಹಿಡಿದು ಆಫೀಸಿಗೆ ಓಡಿದಳು. ದಯವಿಟ್ಟು ಯಾರೂ ಬಳಸಬೇಡಿ, ತಪ್ಪು ಇದೆ, ಇಂಥಲ್ಲಿ ಇದೆ ಎಂದು ಬರೆದು ಕಳಿಸಿದಳು.

ಮರುದಿನ ಬೆಳಗ್ಗೆ ಪೋಲೆಂಡಿನಿಂದ ಯಾರೋ ಒಬ್ಬನ ಉತ್ತರ ಬಂದಿತ್ತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಡ್ರಿಪ್ ಮೂಲಕ ಔಷಧ ಹನಿಸುವ ಪಂಪಿಗೆ ಅವಳ ಕೋಡನ್ನೇ ತುಂಬಿದ್ದನಂತೆ. ಶುಕ್ರವಾರ ಮೊದಲ ಪ್ರಯೋಗವಿತ್ತಂತೆ. ನಿಲ್ಲಿಸಿದ್ದೇನೆ, ತಿಳಿಸಿದ್ದಕ್ಕೆ ವಂದನೆ, ಎಂದು ಎರಡೇ ಸಾಲು.

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತೇ ಅದನ್ನು ಮೂರು ಸಲ ಓದಿದಳು. ಜಯಸಿಂಹ ಇಣುಕಿ ನೋಡಿದರು. ವಾಲ್ವಿನ ಮಾತನ್ನು ಮತ್ತೆ ಎತ್ತಲಿಲ್ಲ.

ಹತ್ತು ದಿನ ಬಿಟ್ಟು, ಸರಿಪಡಿಸಿದ ಕೋಡನ್ನು ಬೇರೆ ಬೇರೆ ಜಾತಿಯ ಕಂಪ್ಯೂಟರುಗಳ ಜೊತೆ ಪರೀಕ್ಷಿಸಿ, ಶೈಲಶ್ರೀ ಮತ್ತೆ ಜೆಪಿ ನಗರಕ್ಕೆ ಹೋದಳು. ಈ ಸಲ ಸ್ವಿಚ್ಚಿನ ಮೇಲೆ ಕೈಯಿಟ್ಟು ತಾನೇ ನಿಂತಳು. ಪಾರವ್ವ ಟ್ರಂಕು, ಹಾಸಿಗೆ, ಪಾತ್ರೆ, ಒಲೆ ಎಲ್ಲವನ್ನೂ ಒಂದೊಂದಾಗಿ ಹೊತ್ತು ಅಂಗಳದ ಬಿಸಿಲಿಗೆ ತಂದಿಟ್ಟು, ಪಕ್ಕದಲ್ಲೇ ಕೂತಳು. ಆಫೀಸಿನಿಂದ ಆದೇಶ ಬಂದು ಮೋಟಾರ್ ಗುಂಯ್ ಎಂದು ಶುರುವಾಯಿತು. ಸರಿಯಾಗಿ ಒಂದು ನಿಮಿಷಕ್ಕೆ ನಿಂತಿತು.

"ನಿಂತ್ತು ಅಕ್ಕಾ. ಒಳಗ ಇಡೂಣು ಬರ್ರಿ," ಎಂದು ಶೈಲಶ್ರೀ ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು.

"ಇರ್ಲಿ ಬಿಡು," ಅಂದಳು ಪಾರವ್ವ. ಸಂಜೆಯವರೆಗೂ ಅವಳು ಏನನ್ನೂ ಒಳಗೆ ತೆಗೆದುಕೊಂಡು ಹೋಗಲಿಲ್ಲ.