ಕಾಗದದ ಮನೆಯ ದೇವರ ಜಗುಲಿ

ಸಾಬವ್ವನಿಗೆ ಎರಡು ಮನೆಗಳಿದ್ದವು. ಒಂದು, ಜೇವರ್ಗಿಯಿಂದ ಯಡ್ರಾಮಿಗೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಹಳ್ಳಿಯಲ್ಲಿ ತಗಡು ಹೊದಿಸಿದ ಒಂದೇ ಕೋಣೆ. ಇನ್ನೊಂದು, ಪೊಲೀಸರು ಕಾಗದದ ಮೇಲೆ ಕಟ್ಟಿಕೊಟ್ಟದ್ದು. ಅದಕ್ಕೆ ಪಡಸಾಲೆ, ಅಡುಗೆಮನೆ, ನಡುಮನೆ, ನಡುಮನೆಯಲ್ಲಿ ದೇವರ ಜಗುಲಿ ಎಲ್ಲ ಇದ್ದವು. ಆ ಜಗುಲಿಯ ಹಿಂದೆ, ತೊಗರಿಬೇಳೆಯ ಡಬ್ಬಿಯೊಳಗೆ, ಹಳದಿ ಬಟ್ಟೆಯಲ್ಲಿ ಸುತ್ತಿದ ಹನ್ನೆರಡು ಜೊತೆ ಬೆಳ್ಳಿ ಕಾಲ್ಗೆಜ್ಜೆ ಸಿಕ್ಕಿದ್ದರಿಂದ ಅವಳ ಮಗ ಜಗದೇವನಿಗೆ ಏಳು ವರ್ಷ ಶಿಕ್ಷೆಯಾಗಿತ್ತು.

ಬೆಳ್ಳಿ ವ್ಯಾಪಾರಿಯೊಬ್ಬನನ್ನು ದಾರಿಯಲ್ಲಿ ತಡೆದು, ಬಡಿದು, ಚೀಲ ಕಸಿದುಕೊಂಡ ಪ್ರಕರಣ ಅದು. ಹೊಡೆದವರ ಮುಖ ಕಾಣಲಿಲ್ಲವೆಂದು ವ್ಯಾಪಾರಿಯೇ ಹೇಳಿದ್ದ. ಹಾಗಾಗಿ ಜಗದೇವನನ್ನು ಒಳಗೆ ಹಿಡಿದಿಟ್ಟದ್ದು ಪಂಚನಾಮೆಯೊಂದೇ. ಮಾಲು ಸಿಕ್ಕ ಜಾಗದಲ್ಲೇ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು, ಅವರ ಕಣ್ಣೆದುರಿಗೆ ಬರೆಯಬೇಕಾದ ಕಾಗದ ಅದು. ಒಬ್ಬ ಪಂಚ ವಿಚಾರಣೆಗೆ ಮೊದಲೇ ತೀರಿಕೊಂಡ. ಇನ್ನೊಬ್ಬ, ಠಾಣೆಯ ಎದುರಿಗೆ ಚಹಾ ಮಾರುವ ಶರಫುದ್ದೀನ, ಕೋರ್ಟಿಗೆ ಬಂದು ಕೇಳಿದ್ದಕ್ಕೆಲ್ಲ ಹೌದ್ರಿ ಎಂದು ಹೋದ. ಯಾವ ಠಾಣೆ ಎಂದು ಹೆಸರು ಹೇಳುವುದು ಬೇಡ, ಉಳಿದ ಠಾಣೆಗಳು ಬೇಜಾರು ಮಾಡಿಕೊಂಡಾವು.

ಸಾಬವ್ವನ ಮನೆಯಲ್ಲಿ ಜಗುಲಿ ಇರಲಿಲ್ಲ. ಅವಳ ಗಂಡ ಬದುಕಿದ್ದಾಗಲೇ ಮನೆದೇವರುಗಳನ್ನು ಮರ್ಯಾದೆಯಿಂದ ಬೀಳ್ಕೊಟ್ಟು, ಗೋಡೆಗೆ ಬುದ್ಧನ ಪಟ ಹಾಕಿದ್ದ. ಆ ಪಟದ ಹಿಂದೆ ಹಲ್ಲಿಯೊಂದನ್ನು ಬಿಟ್ಟರೆ ಮತ್ತೇನೂ ಅಡಗಿ ಕೂರಲು ಸಾಧ್ಯವಿರಲಿಲ್ಲ. ಇದನ್ನು ಮೊದಲ ವಕೀಲನಿಗೆ ಹೇಳಿದಾಗ ಆತ, ಮನೆ ಸಣ್ಣದೆಂದು ಜಡ್ಜರ ಮುಂದೆ ಅಳಬೇಡ ಎಂದು ಬುದ್ಧಿ ಹೇಳಿದ್ದ.

ಪ್ರತಿ ಮಂಗಳವಾರ ಅವಳು ಕಲಬುರಗಿ ಜೈಲಿಗೆ ಮಗನ ಮುಲಾಖತ್ತಿಗೆ ಹೋಗುತ್ತಿದ್ದಳು. ಕೂಲಿಯವರು ಹತ್ತಿ ಬಿಡಿಸಲು ಕರೆದರೂ ಮಂಗಳವಾರ ಮಾತ್ರ ಒಲ್ಲೆ ಎನ್ನುತ್ತಿದ್ದಳು. ಹೊರಗಿನ ಸಾಲಿನಲ್ಲಿ ಓದು ಬಂದವರು ಯಾರಾದರೂ ಸಿಕ್ಕರೆ ಪ್ಲಾಸ್ಟಿಕ್ ಚೀಲದಿಂದ ಪಂಚನಾಮೆ ತೆಗೆದು ಓದಿಸುತ್ತಿದ್ದಳು. ಅಕ್ಷರ ಬಾರದಿದ್ದರೂ ಎರಡು ವರ್ಷದಲ್ಲಿ ಅದು ಅವಳಿಗೆ ಬಾಯಿಪಾಠವಾಗಿತ್ತು. ಹೊತ್ತು ಹೋಗದಿದ್ದಾಗ ತಾನೇ ಶುರು ಮಾಡುತ್ತಿದ್ದಳು. ನಮ್ಮ ಮನೆ ತೋರಿಸುತ್ತೇನೆ ಬನ್ನಿ ಎಂದು ಸಾಲಿನವರನ್ನೆಲ್ಲ ಪಡಸಾಲೆಯಿಂದ ನಡುಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಡುಗೆಮನೆ ಬಂದಾಗ ಊಟ ಮಾಡಿಕೊಂಡೇ ಹೋಗಿರೆಂದು ಉಪಚಾರವನ್ನೂ ಹೇಳುತ್ತಿದ್ದಳು.

ಒಂದು ಮಂಗಳವಾರ ಹೀಗೆ ನಡುಮನೆಗೆ ಬಂದು, “ದೇವರ ಜಗುಲಿಯ ಹಿಂಬದಿಯಲ್ಲಿ, ತೊಗರಿಬೇಳೆಯ ಡಬ್ಬಿಯಲ್ಲಿ” ಎನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬಳು ಬುರ್ಖಾ ಸರಿಸಿಕೊಂಡು, “ಕೆಂಪ ಬಟ್ಟೆಯಲ್ಲಿ ಸುತ್ತಿ” ಎಂದಳು.

“ಹಳದಿ,” ಎಂದಳು ಸಾಬವ್ವ.

“ನಮ್ದರಾಗ ಕೆಂಪ ಐತ್ರಿ ಅಕ್ಕ. ಉಳಿದದ್ದೆಲ್ಲಾ ಇದ.”

ಅವಳು ಯಡ್ರಾಮಿಯ ಚಾಂದಬೀ. ಅವಳ ಗಂಡ ಅಲ್ತಾಫ ನೀರೆತ್ತುವ ಮೋಟರ್ ಕಳವಿನ ಆಪಾದನೆಯಲ್ಲಿ ಒಳಗಿದ್ದ. ಅವನ ಪಂಚನಾಮೆಯ ಪ್ರಕಾರ ಮೋಟರಿನ ತಾಮ್ರದ ತಂತಿ ಚಾಂದಬೀಯ ನಡುಮನೆಯ ದೇವರ ಜಗುಲಿಯ ಹಿಂದೆ ಸಿಕ್ಕಿತ್ತು.

ಸಾಬವ್ವ ಅವಳ ಬುರ್ಖಾ ನೋಡಿದಳು. “ನಿಮ್ಮ ಮನ್ಯಾಗ ದೇವರ ಜಗುಲಿ?”

“ನಮಗೂ ಅವತ್ತ ಗೊತ್ತಾತ್ರಿ.”

ಇಬ್ಬರೂ ಎಷ್ಟು ನಕ್ಕರೆಂದರೆ, ಇದು ಜೈಲು, ಮದುವೆ ಮನೆಯಲ್ಲ ಎಂದು ಪೇದೆ ಬಂದು ಗದರಿದ. ನಗು ನಿಂತ ಮೇಲೆ ಸಾಬವ್ವ ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದು ನೇರವಾಗಿ ವಕೀಲೆ ಪಂಚಶೀಲಾಳ ಬಳಿಗೆ ಹೋದಳು. ಮಗಳು ಓದಲೆಂದು ಆಳಂದ ಕಡೆಯ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರ ಮನೆಯ ಹುಡುಗಿ ಆಕೆ. ಉಚಿತ ಕಾನೂನು ನೆರವಿನಲ್ಲಿ ಜಗದೇವನ ಮೇಲ್ಮನವಿ ಅವಳಿಗೆ ಬಂದಿತ್ತು. ಹೊಸದೇನಾದರೂ ಸಿಗದೆ ಕೇಸು ನಿಲ್ಲುವುದಿಲ್ಲ ಎಂದು ಅವಳು ಆಗಲೇ ಹೇಳಿಯಾಗಿತ್ತು.

ಪಂಚಶೀಲಾ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದಳು. ಒಂದೇ ತಾರೀಖು. ಎರಡರಲ್ಲೂ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ. ಠಾಣೆಯಲ್ಲಿ ಊಟ ಮುಗಿಸಿ ಬರೆಯಲು ಕೂರುವ ಹೊತ್ತು ಅದು. ಎರಡರ ಕೆಳಗೂ ಬಲದಿಂದ ಎಡಕ್ಕೆ ಬರೆದ, ಬಾಲವಿದ್ದ ಅದೇ ಉರ್ದು ಸಹಿ. ಎರಡು ಮನೆಗಳ ನಡುವೆ ಮೂವತ್ತು ಕಿಲೋಮೀಟರು ದಾರಿ. ಶರಫುದ್ದೀನ ಒಂದೇ ಗಂಟೆಯಲ್ಲಿ ಎರಡೂ ಕಡೆ ನಿಂತು, ಇಲ್ಲದ ಎರಡು ಜಗುಲಿಗಳನ್ನು ಕಣ್ಣಾರೆ ಕಂಡಿದ್ದ.

ಕಾಗದ ಕೊಟ್ಟರೆ ಸರಕಾರಿ ವಕೀಲರು ಬರೆಯುವವನ ಕೈತಪ್ಪು ಎಂದು ಹೇಳಿ ಮುಗಿಸುತ್ತಾರೆ, ಶರಫುದ್ದೀನನೇ ಬಂದು ಬಾಯಿಬಿಟ್ಟರೆ ಮಾತ್ರ ಜಗದೇವನಿಗೆ ದಾರಿ ಎಂದಳು ಪಂಚಶೀಲಾ. ಆತನನ್ನು ಮತ್ತೆ ವಿಚಾರಿಸಲು ಮೇಲಿನ ಕೋರ್ಟಿನಲ್ಲಿ ಅನುಮತಿ ಕೇಳುವುದಾಗಿ ಹೇಳಿ, ಅಲ್ಲಿಯವರೆಗೆ ಸುಮ್ಮನಿರಲು ತಿಳಿಸಿದಳು. ಸಾಬವ್ವ ಸುಮ್ಮನಿರುತ್ತೇನೆಂದು ಒಪ್ಪಿದಳು. ಮರುದಿನ ಬೆಳಿಗ್ಗೆ ಚಹಾದ ಅಂಗಡಿಯ ಮುಂದೆ ನಿಂತಿದ್ದಳು.

ಶರಫುದ್ದೀನ ಅವಳನ್ನು ಗುರುತಿಸಿ ಒಲೆಯ ಉರಿಯನ್ನು ಸುಮ್ಮಸುಮ್ಮನೆ ಏರಿಸಿ ಇಳಿಸಿದ. ಅವನ ಡಬ್ಬಿಯಂಗಡಿ ನಿಂತದ್ದೇ ಠಾಣೆಯ ಗೋಡೆಗೆ ಬೆನ್ನು ಕೊಟ್ಟು. ಹತ್ತೊಂಬತ್ತು ವರ್ಷದಿಂದ ಅವನು ಒಳಗೆ ಚಹಾ ಕಳಿಸುತ್ತಿದ್ದ. ತಟ್ಟೆ ಹೋದ ದಾರಿಯಲ್ಲೇ ಕಾಗದಗಳು ಬರುತ್ತಿದ್ದವು. ಗ್ಲಾಸಿನ ಕರೆ ಬಿದ್ದ ಕಾಗದದ ಮೇಲೂ ಅವನು ಸಹಿ ಹಾಕಿದ್ದುಂಟು.

“ನೀ ಎರಡು ವರ್ಷದ ಹಿಂದ ನಮ್ಮ ಮನಿಗಿ ಬಂದಿ ಅಂತ, ಅಣ್ಣ,” ಎಂದಳು ಸಾಬವ್ವ. “ಅವತ್ತ ನಾ ಚಾ ಮಾಡಿ ಕೊಡ್ಲಿಲ್ಲ. ಮನಸಿಗಿ ಕೆಡಕ ಅನಸಾಕತ್ತೈತಿ. ನಾಳಿಗಿ ಬಾ.”

ಅವನು ಆ ಕಡೆ ಈ ಕಡೆ ನೋಡಿ ದನಿ ಇಳಿಸಿದ. “ಆಗ ಹೌದು ಅಂದೇನಿ. ಈಗ ಇಲ್ಲ ಅಂದ್ರ ನನ್ನ ಹಿಡದ ಒಳಗ ಹಾಕ್ತಾರ ಬೇ.”

“ಹಾಕಿದ್ರ ಹಾಕ್ಲಿ. ಮಂಗಳವಾರ ನಾ ಹೆಂಗೂ ಬರ್ತೇನಿ. ನಿನ್ನೂ ಮಾತಾಡಿಸಿಕೊಂಡ ಹೋಗ್ತೇನಿ.”

ಅವನು ಮರುದಿನ ಬರಲಿಲ್ಲ. ಒಂಬತ್ತನೆಯ ದಿನ ಬೈಕಿನ ಮೇಲೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ಇನ್ನೊಂದು ಬಾಗಿಲು ಎಲ್ಲಾದರೂ ಇದೆಯೇ ಎಂದು ಗೋಡೆಗಳನ್ನು ನೋಡಿದ. ನಾಲ್ಕು ಹೆಜ್ಜೆಗೆ ಮನೆ ಮುಗಿಯಿತು. ಪಟದ ಬುದ್ಧ ಕಣ್ಣು ಮುಚ್ಚಿದ್ದ. ಶರಫುದ್ದೀನ ಕೆಳಗೆ ಕುಳಿತು, ಕೊಟ್ಟ ಚಹಾ ಕುಡಿದು ಎದ್ದು ಹೋದ.

ವಿಷಯ ತಿಳಿದಾಗ ಪಂಚಶೀಲಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಸಾಕ್ಷಿಯನ್ನು ಆರೋಪಿಯ ತಾಯಿ ಮನೆಗೆ ಕರೆದಳೆಂದರೆ ಅವನು ಹೇಳುವ ನಿಜಕ್ಕೂ ಬೆಲೆ ಉಳಿಯುವುದಿಲ್ಲ. “ಆಯಿ, ನಿನ್ನ ಒಂದು ಕಪ್ಪ ಚಾದಾಗ ಜಗದೇವಣ್ಣನ ಐದು ವರ್ಷ ಮುಳಗ್ತಾವ ನೋಡು,” ಎಂದಳು. ಮುಂದಿನ ಮಂಗಳವಾರ ಸಾಬವ್ವ ಸಾಲಿನಲ್ಲಿ ಯಾರಿಗೂ ಮನೆ ತೋರಿಸಲಿಲ್ಲ.

ಅನುಮತಿ ಸಿಕ್ಕಿತು. ವಿಚಾರಣೆಯ ದಿನ ಶರಫುದ್ದೀನ ಹಬ್ಬಕ್ಕೆ ಹೊಲಿಸಿದ ಕುರ್ತಾ ಹಾಕಿಕೊಂಡು ಕಟಕಟೆಗೆ ಬಂದ. ಒಲೆ ಬಿಟ್ಟು ತಾನು ಎಲ್ಲಿಗೂ ಹೋದವನಲ್ಲ, ಕಾಗದಗಳು ಚಹಾದ ತಟ್ಟೆಯಲ್ಲಿ ಬರುತ್ತಿದ್ದವು, ಕನ್ನಡ ಓದಲು ಬಾರದು ಎಂದು ಹೇಳಿದ. ಸರಕಾರಿ ವಕೀಲರು ಇದಕ್ಕೇ ಕಾದಿದ್ದವರಂತೆ ಎದ್ದು, ಆರೋಪಿಯ ಮನೆಗೆ ಹೋಗಿ ಚಹಾ ಕುಡಿದು ಬಂದದ್ದು ನಿಜವೇ ಎಂದು ಕೇಳಿದರು. ಪಂಚಶೀಲಾ ಪೆನ್ನು ಕೆಳಗಿಟ್ಟಳು. ಹಿಂದಿನ ಬೆಂಚಿನಲ್ಲಿ ಸಾಬವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಖರೇ ಐತ್ರಿ ಸಾಹೇಬ್ರ,” ಎಂದ ಶರಫುದ್ದೀನ. “ಚಾ ಏನ ಅಷ್ಟ ಚಲೋ ಇರಲಿಲ್ರಿ. ಆದ್ರ ನಾ ಆ ಮನಿಗಿ ಹೋಗಿದ್ದ ಅವತ್ತ ಒಂದ ಸಲ. ಜಗುಲಿ ಹುಡುಕಿದ್ನಿ. ಕುಂದ್ರಾಕ ಜಾಗ ಇಲ್ದ ಮನ್ಯಾಗ ದೇವ್ರ ಎಲ್ಲಿ ಕುಂದ್ರಬೇಕ್ರಿ?”

ಜಡ್ಜರು ಅದನ್ನು ಹೇಳಿದ ಹಾಗೇ ಬರೆದುಕೊಳ್ಳಲು ಹೇಳಿದರು.

ನಾಲ್ಕು ತಿಂಗಳಿಗೆ ಕಲಬುರಗಿ ಪೀಠದಿಂದ ಬಿಡುಗಡೆಯ ಆದೇಶ ಬಂತು. ಜಗದೇವ ಮನೆಗೆ ಬಂದು ಎರಡು ದಿನ ಬಾಗಿಲು ತೆರೆದಿಟ್ಟುಕೊಂಡೇ ಮಲಗಿದ. ಶರಫುದ್ದೀನನ ಡಬ್ಬಿಯಂಗಡಿ ರಸ್ತೆಗೆ ಅಡ್ಡವಾಗಿದೆ ಎಂದು ಠಾಣೆಯವರಿಗೆ ಹತ್ತೊಂಬತ್ತು ವರ್ಷದ ಮೇಲೆ ಕಂಡಿತು. ಈಗ ಅವನು ಬಸ್ ನಿಲ್ದಾಣದ ಹತ್ತಿರ ಇದ್ದಾನೆ. ಜಗದೇವ ಅವನ ಹತ್ತಿರ ಒಂದು ಸಲವೂ ಚಹಾ ಕುಡಿದಿಲ್ಲ. ಸಾಬವ್ವ ಅದಕ್ಕೆ ಒತ್ತಾಯ ಮಾಡಿಲ್ಲ.

ಜಗದೇವ ಮನೆಗೆ ಬಂದ ಮೂರನೆಯ ದಿನ ಮಂಗಳವಾರ. ಬೆಳಿಗ್ಗೆ ಜಗದೇವ ಎದ್ದಾಗ ತಾಯಿ ಚೀಲ ಹಿಡಿದು ಹೊರಟಿದ್ದಳು.

“ನಾ ಮನ್ಯಾಗ ಅದೇನಲ್ಲ, ಎಲ್ಲಿಗಿ ಹೊಂಟಿ?” ಎಂದು ಕೇಳಿದ.

“ಅಲ್ತಾಫನ ಕೇಸ ಬ್ಯಾರೆ, ಅಂವ ಇನ್ನೂ ಅಲ್ಲೇ ಅದಾನಲ್ಲೋ,” ಎಂದಳು. “ಚಾಂದಬೀ ಒಬ್ಬಾಕಿ ಆಗ್ತಾಳ.”

ಅವತ್ತು ಸಾಲಿನಲ್ಲಿ ಅಫಜಲಪುರದ ಕಡೆಯ ಹೊಸ ಮುಖವೊಂದು ಅಳುತ್ತ ನಿಂತಿತ್ತು. ಚಾಂದಬೀ ನೀರು ಕೊಟ್ಟಳು. ಅಳು ನಿಲ್ಲುವವರೆಗೆ ಕಾದು, ನಿಮ್ಮ ಮನೆಯಲ್ಲಿ ಮಾಲು ಎಲ್ಲಿ ಸಿಕ್ಕಿತೆಂದು ಸಾಬವ್ವ ಕೇಳಿದಳು.

“ದೇವರ ಜಗುಲಿ ಹಿಂದ್ರಿ.”

ಸಾಬವ್ವ ಚೀಲವನ್ನು ಕೆಳಗಿಟ್ಟು, ಕಾಲು ಚಾಚಿ ಕುಳಿತಳು. “ಕುಂದ್ರವ್ವ,” ಎಂದಳು. “ಬಟ್ಟಿ ಬಣ್ಣ ಯಾವುದು, ಹೇಳು.”